ಸೊಪ್ಪು ಕಟ್ಟಿದ ಗಡಿಗೆ

೧೯೫೭ರ ಏಪ್ರಿಲ್ ೯, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಯಮುನಮ್ಮ ಎಂಬ ಹೆಂಗಸು ಶಿಕಾರಿಪುರ ಠಾಣೆಗೆ ಬಂದು, ಗಂಡ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಗಂಡ ವೀರಬಸಪ್ಪ ರಾಣೆಬೆನ್ನೂರಿನಲ್ಲಿ ಅಂಚೆ ಗುಮಾಸ್ತನಾಗಿದ್ದು ನಿವೃತ್ತನಾದವನು. ಇಬ್ಬರೂ ಶಿಕಾರಿಪುರ ನೋಡಲೆಂದು ಅವಳ ತಂಗಿಯ ಮನೆಗೆ ಬಂದಿದ್ದರು.

“ಎಲ್ಲಿಗೆ ಹೋದ್ರು?” ಇನ್‌ಸ್ಪೆಕ್ಟರ್ ಆನಂದಪ್ಪ ಕೇಳಿದ.

“ಸೊರಬದ ಕಡೆ ಬೈನೆ ಮರದ ಕಳ್ಳು ಊರಿಗೊಂದು ರುಚಿ ಅಂತ ಯಾರೋ ಹೇಳಿದ್ರಂತ್ರೀ. ನೋಡ್ಕೊಂಡು ಬರ್ತೀನಿ ಅಂತ ನಿನ್ನೆ ಮುಂಜಾನೆ ಬಸ್ ಹತ್ತಿದ್ರು.”

ಮೂಲೆಯಲ್ಲಿದ್ದ ರೈಟರ್ ನಕ್ಕ. “ಕುಡ್ದು ಎಲ್ಲೋ ಬಿದ್ದಿರ್ತಾನೆ ಬಿಡ್ರಿ.”

“ಕುಡುಕ ಅಂತ ಮಾತ್ರ ಬರೀಬ್ಯಾಡ್ರಿ. ನಾ ಊರಿಗೆ ಹೆಂಗ ಮುಖ ತೋರಿಸ್ಲಿ?” ಯಮುನಮ್ಮ ಅತ್ತಳು.

ಆನಂದಪ್ಪ ರೈಟರನನ್ನು ಗದರಿ ಬಾಯಿ ಮುಚ್ಚಿಸಿದ. ದೂರು ದಾಖಲಿಸಿ, ಸೊರಬ ಠಾಣೆಗೆ ಸುದ್ದಿ ಮುಟ್ಟಿಸಿ, ಆ ಕಡೆಯವನೇ ಆದ ಕಾನ್‌ಸ್ಟೇಬಲ್ ಚೌಡಪ್ಪನೊಂದಿಗೆ ಹೊರಟ.

ಸೊರಬ ತಾಲ್ಲೂಕಿನ ಉಳವಿಯಲ್ಲಿ ಹೋಟೆಲಿನ ಗೋಪಾಲಪ್ಪ ಗುರುತು ಹೇಳಿದ. “ಆ ಮಾರಾಯ್ರಾ? ಒಂದೊಂದು ಕಡೆ ಒಂದೇ ಲೋಟ. ಕುಡ್ದು, ರುಚಿ ಹೆಂಗಿದೆ ಅಂತ ಪುಸ್ತಕದಾಗೆ ಬರ್ಕಂತಿದ್ರು, ಪರೀಕ್ಷೆಗೆ ಕೂತೋರ ಹಂಗೆ! ಕ್ಯಾಸನೂರು ದಾರಿ ಹಿಡಿದ್ರು.”

ಸಂಜೆ ನಾಲ್ಕಕ್ಕೆ ಕ್ಯಾಸನೂರಿನ ಕಾಡಂಚಿನಲ್ಲಿ ಬೈನೆ ಮರದಡಿ ವೀರಬಸಪ್ಪನ ಹೆಣ ಸಿಕ್ಕಿತು. ಯಾರೋ ಕಂಬಳಿ ಹೊದಿಸಿದ್ದರು. ಗಡಿಯಾರ ಕೈಯಲ್ಲೇ ಇತ್ತು. ಪಕ್ಕದ ಬಂಡೆಯ ಮೇಲೆ ಕಳ್ಳಿನ ಗಡಿಗೆ, ಅದರ ಕೊರಳಿಗೆ ಕಟ್ಟಿದ ಲಕ್ಕಿ ಸೊಪ್ಪು. ಪಂಚನಾಮೆಗೆಂದು ಆನಂದಪ್ಪ ಗಡಿಗೆ ಎತ್ತಹೋದ.

“ಮುಟ್ಬೇಡಿ ಸಾರ್!” ಚೌಡಪ್ಪ ಕೈ ಹಿಡಿದ. “ಸೊಪ್ಪು ಕಟ್ಟಿದ್ರೆ ಒಳಗೆ ವಿಷ ಅಂತ. ಇಲ್ಲಿ ಸಣ್ಣ ಮಕ್ಳಿಗೂ ಗೊತ್ತು.”

“ರಾಣೆಬೆನ್ನೂರಿನೋರಿಗೆ?”

ಚೌಡಪ್ಪ ಹಿಡಿದ ಕೈ ಬಿಟ್ಟು, ಪಂಚರನ್ನು ಕರೆತರಲು ಊರೊಳಗೆ ಹೋದ.

ಗಡಿಗೆ ಗುತ್ಯಪ್ಪನದೆಂದು ಪಂಚರು ಹೇಳಿದರು. ಕಳ್ಳು ಇಳಿಸುವ ಗುತ್ಯಪ್ಪ ತನ್ನ ಗುಡಿಸಲ ಮುಂದೆ ಕೂತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ.

“ಕಂಬಳಿ ನಿಂದೇನೋ?”

“ನಂದೇ.”

“ವಿಷ ಹಾಕಿದ್ದು?”

“ನಾನೇ. ಮಂಗಕ್ಕೆ ಇಟ್ಟಿದ್ದು ಸ್ವಾಮಿ. ಸೊಪ್ಪು ಕಂಡೂ ಕುಡಿಯೋರು ಇರ್ತಾರೆ ಅಂತ ನಂಗೆಲ್ಲಿ ಗೊತ್ತು? ನಾ ಬರೋ ಹೊತ್ತಿಗೆ ಉಸಿರಿರ್ಲಿಲ್ಲ.”

“ಠಾಣೆಗೆ ಯಾಕೆ ಹೇಳ್ಲಿಲ್ಲ?”

“ಹೆದರಿದೆ.”

“ಮಂಗ ನಿಂಗೇನು ಮಾಡಿತ್ತೋ?”

ಗುತ್ಯಪ್ಪ ಗುಡಿಸಲ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ಹಸಿ ಮಣ್ಣಿನ ಸಣ್ಣ ಗುಡ್ಡೆಯಿತ್ತು.

“ಎಷ್ಟು ಮಂಗ ಸತ್ವು, ನಿನ್ನ ಗಡಿಗೆಯಿಂದ?”

“ಒಂದೂ ಇಲ್ಲ. ಮೂಸಿ ನೋಡಿ ಹೋಗ್ತಾವೆ.”

ಆರೂ ಹತ್ತಕ್ಕೆ ಗುತ್ಯಪ್ಪನನ್ನು ದಸ್ತಗಿರಿ ಮಾಡಲಾಯಿತು. ನಿರ್ಲಕ್ಷ್ಯದಿಂದ ಸಾವು ತಂದ ಆರೋಪ, ೩೦೪-ಎ ಕಲಂ.

ಆ ಬೇಸಿಗೆ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಜನಕ್ಕೂ ಜ್ವರ ಬರುತ್ತಿತ್ತು; ಅದು ಮಂಗಗಳಿಂದಲೇ ಬರುತ್ತದೆಂದು ಊರವರು ನಂಬಿದ್ದರು. ಗುತ್ಯಪ್ಪನ ಏಳು ವರ್ಷದ ಮಗಳು ಆ ಜ್ವರ ಬಂದ ಎಂಟೇ ದಿನದಲ್ಲಿ ತೀರಿಕೊಂಡಿದ್ದಳು; ಗುಡಿಸಲ ಹಿಂದಿನ ಗುಡ್ಡೆ ಅವಳದು. ಉಳಿದ ಮಂಗಗಳನ್ನು ತಾನೇ ಮುಗಿಸುತ್ತೇನೆಂದು ಅವನು ಹೊರಟಿದ್ದ.

ಮರುದಿನ ಆನಂದಪ್ಪ ವರದಿಯನ್ನು ಯಮುನಮ್ಮನಿಗೆ ಓದಿ ಹೇಳಿದ: “ಮರಣ ವಿಷದಿಂದ. ಮೃತನಿಗೆ ಕುಡಿತದ ಚಟವಿರಲಿಲ್ಲ.” ಅವಳು ಇನ್ನೊಮ್ಮೆ ಓದಿಸಿಕೊಂಡಳು. ಗುತ್ಯಪ್ಪನ ಹೇಳಿಕೆಯನ್ನೂ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

“ಆ ಹುಡುಗಿ ಹೆಸರೇನ್ರೀ?”

ಆನಂದಪ್ಪ ಹಾಳೆ ತಿರುವಿದ. ಹೆಸರನ್ನು ಅವನು ಕೇಳಿಯೇ ಇರಲಿಲ್ಲ.