ಸಂತನ ಹಬ್ಬದ ದಿನ ಕಳುವಾದ ರೀಲು

ಡಿಸೆಂಬರ್ ಹತ್ತೊಂಬತ್ತು, ಮಧ್ಯಾಹ್ನ ಹನ್ನೆರಡೂವರೆ. ವಾಲ್ಯೆವೊ ಊರಿನ ಪೊಲೀಸ್ ಠಾಣೆಗೆ ಚಿತ್ರನಿರ್ದೇಶಕ ಸ್ವೆತೊಜಾರ್ ಗ್ರುಬಾಚ್ ಖುದ್ದಾಗಿ ಬಂದು ದೂರು ಕೊಟ್ಟರು. ಅಂದು ಸಂತ ನಿಕೋಲಾನ ಹಬ್ಬ. ಅರ್ಧ ಊರಿಗೆ ಅವನೇ ಮನೆದೇವರು. ಠಾಣೆಯಲ್ಲಿದ್ದವರು ಇನ್ಸ್‌ಪೆಕ್ಟರ್ ರಾದಿವೋಯ್, ಪೇದೆ ಯೆಲಿಸಾವಾ ಇಬ್ಬರೇ. ಮಿಕ್ಕವರೆಲ್ಲ ಯಾರದೋ ಮನೆಯಲ್ಲಿ ಹಬ್ಬದ ಮೀನೂಟ ಹೊಡೆಯುತ್ತಿದ್ದರು.

ಗ್ರುಬಾಚ್ ಒಳಗೆ ಬಂದಾಗ ರಾದಿವೋಯ್ ತಾನಾಗಿಯೇ ಎದ್ದು ನಿಂತ. 'ಪ್ಲಮ್ ತೋಟದ ಕಾವಲು' ಚಿತ್ರವನ್ನು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಅದರ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ಅದೇ ಚಿತ್ರದ ಉಳಿದಿರುವ ಒಂದೇ ಪ್ರತಿಯ ಮೊದಲನೆಯ ರೀಲು ಈಗ ಕಾಣೆಯಾಗಿತ್ತು.

"ಮಿಕ್ಕ ರೀಲುಗಳು?"

"ಇದ್ದಲ್ಲೇ ಇವೆ."

"ಯಾರ ಮೇಲೆ ಅನುಮಾನ?"

"ಇನ್ಯಾರ ಮೇಲೆ? ಅದೇ ಹೆಸರಿಟ್ಟುಕೊಂಡು ಟೀವಿಗೆ ಧಾರಾವಾಹಿ ತೆಗೀತಿದಾಳಲ್ಲ, ಆ ತಿಯಾನಾ. ನನ್ನ ಚಿತ್ರ ಜನರ ಕಣ್ಣಿಗೆ ಬಿದ್ರೆ ಅವಳ ಬಂಡವಾಳ ಬಯಲಾಗುತ್ತೆ."

'ಅಪರಿಚಿತ ವ್ಯಕ್ತಿ'ಯ ಮೇಲೆ ಎಫ್‌ಐಆರ್ ದಾಖಲಾಯಿತು.

ಒಂದೂವರೆಗೆ ಗ್ರುಬಾಚ್ ಮನೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೆಳಿಗ್ಗೆ ಗಂಡ ಹೆಂಡತಿ ಹಬ್ಬದ ರೊಟ್ಟಿಯನ್ನು ಪಾದ್ರಿಯ ಕೈಲಿ ಮುರಿಸಲು ಚರ್ಚಿಗೆ ಹೋಗಿದ್ದರು. ಹಬ್ಬದ ದಿನ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ, ಇವರೂ ಹಾಕಿರಲಿಲ್ಲ. ರೀಲುಗಳನ್ನಿಟ್ಟಿದ್ದ ಬೀರು ಒಡೆದ ಗುರುತಿಲ್ಲ. ಬಾಗಿಲ ಪಕ್ಕದ ಮೇಜಿನ ಮೇಲೆ ಸಕ್ಕರೆ, ಅಕ್ರೋಟು ಬೆರೆಸಿ ಬೇಯಿಸಿದ ಗೋಧಿಯ ಬಟ್ಟಲಿತ್ತು. ಬಂದವರು ಶಿಲುಬೆ ಗುರುತು ಮಾಡಿಕೊಂಡು, ಒಂದು ಚಮಚ ತಿಂದು, ಎಂಜಲು ಚಮಚವನ್ನು ಪಕ್ಕದ ನೀರಿನ ಲೋಟಕ್ಕೆ ಹಾಕಿಯೇ ಒಳಗೆ ಬರಬೇಕು.

ಲೋಟದಲ್ಲಿ ಒಂದು ಚಮಚವಿತ್ತು.

"ನೆಂಟರು ಬಂದಿದ್ರಾ?" ಯೆಲಿಸಾವಾ ಕೇಳಿದಳು.

"ಇನ್ನೂ ಯಾರೂ ಬಂದಿಲ್ಲ," ಎಂದರು ಗ್ರುಬಾಚ್. ಅವರ ಹೆಂಡತಿ ದೆಸಾಂಕಾ ಲೋಟವನ್ನು ಒಮ್ಮೆ ನೋಡಿ ಅಡುಗೆಮನೆಗೆ ಹೋದರು.

ಹೊರಗೆ ಬಂದಮೇಲೆ ಯೆಲಿಸಾವಾ ನಕ್ಕಳು. "ಎಂಥ ಸಂಭಾವಿತ ಕಳ್ಳ ಸಾರ್! ಕದಿಯೋಕೆ ಬಂದು ದೇವರ ಪ್ರಸಾದ ತಿಂದು ಹೋಗಿದಾನೆ."

ರಾದಿವೋಯ್ ನಗಲಿಲ್ಲ. "ತಿನ್ನದೆ ಹೋದ್ರೆ ತಪ್ಪು ಅನ್ನೋ ಅಷ್ಟು ಈ ಮನೆಗೆ ಬೇಕಾದವನು ಕಣಮ್ಮ ಅವನು."

ಆದರೂ ವಿಚಾರಣೆ ಬಿಡುವಂತಿಲ್ಲ. ನಾಲ್ಕು ಗಂಟೆಗೆ, ಊರಾಚೆಯ ಚಿತ್ರೀಕರಣದ ಜಾಗದಲ್ಲಿ ತಿಯಾನಾ ನಿಂತುಕೊಂಡೇ ಹುರುಳಿ ಸಾರು ಕುಡಿಯುತ್ತಿದ್ದಳು. ಬೆಳಿಗ್ಗೆ ಐದರಿಂದಲೂ ಅವಳು ಅಲ್ಲೇ ಇದ್ದುದಕ್ಕೆ ಇಡೀ ತಂಡವೇ ಸಾಕ್ಷಿ.

"ನನಗ್ಯಾಕೆ ಸಾರ್ ಆ ರೀಲು? ಹೆಸರು ಬಳಸ್ಕೊಳ್ಳಿ ಅಂತ ಒಪ್ಪಿಗೆ ಕೊಟ್ಟಿದ್ದೇ ಅವರು. ಕತೆಯೂ ತಮ್ಮದೊಬ್ಬರದೇ ಅಂದ್ರು. ಧಾರಾವಾಹಿಗೆ ಮುಂಚೆ ಹಳೇ ಚಿತ್ರಾನೂ ತೋರಿಸೋಣ ಅಂತಿದ್ವಿ. ಶುರುವಿನ ಹೆಸರುಗಳು ಮಾಸಿವೆ, ತೆಗೆದು ಹೊಸದು ಸೇರಿಸಿ ಕೊಡ್ತೀನಿ ಅಂದಿದ್ರು."

"ಹಳೇದ್ರಲ್ಲಿ ಯಾರ ಹೆಸರಿತ್ತು?"

"ನಾನಾಗ ಹುಟ್ಟೇ ಇರ್ಲಿಲ್ಲ. ನೀವು ನೋಡಿರ್ಬೇಕಲ್ಲ, ನೀವೇ ಹೇಳಿ."

ರಾದಿವೋಯ್ ನೆನಪು ಮಾಡಿಕೊಂಡ. ಮಂಜು, ಬೊಗಳುವ ನಾಯಿ, ನೆಲದ ತುಂಬ ಉದುರಿದ ಪ್ಲಮ್ ಹಣ್ಣು, ನಿರ್ದೇಶನ ಸ್ವೆತೊಜಾರ್ ಗ್ರುಬಾಚ್. ಇನ್ನೊಂದು ಹೆಸರಿತ್ತು, ಖಂಡಿತ ಇತ್ತು, ಆದರೆ ನಾಲಿಗೆಗೆ ಬರಲಿಲ್ಲ. ಬಾಯಿಪಾಠವಾಗಿದ್ದ ಮಾತುಗಳನ್ನು ಬರೆದವನು ಯಾರೆಂದೇ ತನಗೆ ಗೊತ್ತಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಆರು ಗಂಟೆಗೆ ಗ್ರುಬಾಚ್ ಮನೆ ನೆಂಟರಿಂದ ತುಂಬಿತ್ತು. ರಾದಿವೋಯ್ ದೆಸಾಂಕಾರನ್ನು ಹಿತ್ತಿಲಿಗೆ ಕರೆದ.

"ಅಮ್ಮಾ, ಆ ಚಿತ್ರಕ್ಕೆ ಕತೆ ಬರೆದವರು ಯಾರು?"

ಆಕೆ ಕೈ ಒರೆಸಿಕೊಳ್ಳುತ್ತಲೇ ಇದ್ದರು. "ಬುದಿಮಿರ್. ನಮಗೆ ಅವರು ಕೂಮ್, ಅವರಿಗೆ ನಾವು. ನಮ್ಮ ಮದುವೆಗೆ ಸಾಕ್ಷಿ ನಿಂತವರು, ನಮ್ಮ ಮಗಳಿಗೆ ಹೆಸರಿಟ್ಟವರು. ಒಡಹುಟ್ಟಿದವರಿಗಿಂತ ಹೆಚ್ಚಪ್ಪ. ಪ್ರತಿ ವರ್ಷ ಮೊದಲ ಚಮಚ ಅವರದೇ."

"ಈ ವರ್ಷ ಬರ್ಲಿಲ್ವಾ?"

"ಬಂದು ಹೋಗಿದಾರಲ್ಲ," ಎಂದು ಆಕೆ ಅತ್ತುಬಿಟ್ಟರು.

ಬುದಿಮಿರ್ ವುಕೊಟಿಚ್ ತನ್ನ ಮನೆಯಲ್ಲಿ, ಪೊಲೀಸರಿಗೇ ಕಾಯುತ್ತಿದ್ದವನಂತೆ ಕೋಟು ಹಾಕಿಕೊಂಡೇ ಕುಳಿತಿದ್ದ. ರೀಲಿನ ತಗಡಿನ ಡಬ್ಬಿ ಎದುರಿಗೇ ಇತ್ತು.

"ತಗೊಂಡಿದ್ದು ನೀವೇನಾ?"

"ನಾನೇ."

"ಯಾಕೆ?"

"ಚಿತ್ರದಿಂದ ನನ್ನ ಹೆಸರು ತೆಗೀತಿದಾನೆ ಅಂತ ಗೊತ್ತಾಯ್ತು. ಫೋನ್ ಮಾಡಿ ಕೇಳಿದೆ. 'ನಿನ್ನ ಹೆಸರು ಯಾರಿಗೆ ನೆನಪಿದೆ ಬುದೊ?' ಅಂತ ನಕ್ಕ. ಬೈದಿದ್ರೆ ಸುಮ್ಮನಿರ್ತಿದ್ದೆ ಸಾರ್. ನಕ್ಕುಬಿಟ್ಟ."

ರಾದಿವೋಯ್ ತಲೆ ತಗ್ಗಿಸಿದ. ಆಮೇಲೆ ಕೇಳಿದ: "ಗೋಧಿ ಯಾಕೆ ತಿಂದ್ರಿ? ಸಿಕ್ಕಿಬಿದ್ದಿದ್ದೇ ಅದ್ರಿಂದ."

"ಹಬ್ಬದ ದಿನ ಆ ಮನೆಗೆ ಹೋಗಿ ತಿನ್ನದೆ ಹೆಂಗ್ರೀ ಬರ್ಲಿ? ಮೋಸ ಮಾಡಿದ್ದು ಸ್ವೆತೊಜಾರ್. ಸಂತ ನಿಕೋಲಾ ನನಗೇನು ಮಾಡಿದ್ದ?"

ಏಳೂಕಾಲಿಗೆ ಬಂಧನವಾಯಿತು. ವಶಪಡಿಸಿಕೊಂಡ ವಸ್ತುವಿನ ಪಂಚನಾಮೆ ಬರೆಸುವಾಗ ರಾದಿವೋಯ್ ರೀಲಿನ ತುದಿಯನ್ನು ಬಿಚ್ಚಿ ದೀಪಕ್ಕೆ ಹಿಡಿದು, ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಹೋದ. ಯೆಲಿಸಾವಾ ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಗ್ರುಬಾಚ್ ತಮ್ಮ ಸ್ವತ್ತು ಗುರುತಿಸಲು ಬಂದರು. ಪಂಚನಾಮೆ ಓದುತ್ತ ಓದುತ್ತ ಅವರ ಬೆರಳು ಒಂದು ಕಡೆ ನಿಂತಿತು: 'ಕತೆ, ಚಿತ್ರಕತೆ, ಸಂಭಾಷಣೆ — ಬುದಿಮಿರ್ ವುಕೊಟಿಚ್.'

"ಈ ಸಾಲು ಬೇಕಾ?"

"ಗುರುತು ಬೇಕಲ್ಲ ಸಾರ್. ಇದು ನಿಮ್ಮ ಚಿತ್ರವೇ ಹೌದು ಅನ್ನೋಕೆ."

"ದೂರು ವಾಪಸ್ ತಗೊಂಡ್ರೆ?"

"ಆಗಲೂ ರೀಲು ಬೇಕಂದ್ರೆ ಇದಕ್ಕೆ ಸಹಿ ಹಾಕ್ಬೇಕು."

ಎದುರಿನ ಬೆಂಚಿನ ಮೇಲೆ ಬುದಿಮಿರ್ ಕುಳಿತಿದ್ದ. ಗ್ರುಬಾಚ್ ಆ ಕಡೆ ತಿರುಗಲಿಲ್ಲ. ಪೆನ್ನು ತೆಗೆದು ಸಹಿ ಹಾಕಿದರು. ದೂರು ವಾಪಸ್ ಪಡೆಯುವ ಮಾತನ್ನು ಮತ್ತೆ ಎತ್ತಲೂ ಇಲ್ಲ. ಬಾಲ್ಯದಿಂದ ತಲೆಯ ಮೇಲೆ ಹೊತ್ತುಕೊಂಡಿದ್ದ ಮನುಷ್ಯ ಇವನೇನಾ ಎಂದು ರಾದಿವೋಯ್‌ಗೆ ಹೇಸಿಗೆಯಾಯಿತು.

ಕೋರ್ಟಿಗೆ ಹೊರಡುವ ಮುಂಚೆ ಬುದಿಮಿರ್ ಆ ಹಾಳೆ ತೋರಿಸಿ ಎಂದ. ತನ್ನ ಹೆಸರನ್ನೂ ಅದರ ಕೆಳಗಿನ ಸಹಿಯನ್ನೂ ಬಹಳ ಹೊತ್ತು ನೋಡಿದ.

"ಇಷ್ಟಕ್ಕೆ ಪೊಲೀಸರು ಬೇಕಾದ್ರಾ, ಕೂಮ್?" ಎಂದು ಗ್ರುಬಾಚ್ ಇದ್ದ ಕಡೆ ತಿರುಗಿದ.

ಗ್ರುಬಾಚ್ ಡಬ್ಬಿಯನ್ನು ಎದೆಗವಚಿಕೊಂಡು ಆಗಲೇ ಬಾಗಿಲು ದಾಟಿದ್ದರು.