ಪರದೆಯ ಆಚೆಯಿಂದ ಕೇಳಿದ ಪ್ರಶ್ನೆ

"ಗುಲ್ನಾರ!"

ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಶಾಹಬಾಜ ಎರಡು ಸಲ ಕೂಗಿದ. ಅವಳು ತಿರುಗಲೇ ಇಲ್ಲ. ಹತ್ತಿಮತ್ತೂರಿನ ಬಸ್ಸಿನ ಕಡೆ ನಡೆದೇಬಿಟ್ಟಳು.

ಓಡಿಹೋಗಿ ಎದುರು ನಿಂತ. ಅವಳು ಬೆಚ್ಚಿಬಿದ್ದಳು. ಎಂಟು ತಿಂಗಳ ಹಿಂದೆ ನಿಕಾಹ್ ಅರ್ಧಕ್ಕೇ ಬಿಟ್ಟು ಎದ್ದುಹೋದವನು!

"ಈಗಲೂ ಉತ್ತರ ಕೊಡಂಗಿಲ್ಲೇನು?"

"ನೀವು... ಕರದ್ರೇನು?"

ಎಂಥ ನಾಟಕ ಅನ್ನಿಸಿತು ಅವನಿಗೆ. "ಅವತ್ತೂ ಹಿಂಗ! ಪರದೆ ಆಚೆಯಿಂದ ಖಾಜಿಸಾಹೇಬ್ರು ಮೂರು ಸಲ ಕೇಳಿದ್ರು, ಕಬೂಲ್ ಐತೇನಂತ. ನೀ ಬರೇ ಅಳಾಕತ್ತಿದ್ದಿ. ಬಲವಂತ ಬ್ಯಾಡಂತ ನಾನ ಎದ್ದು ಬಂದೆ."

ಗುಲ್ನಾರ ಅವನ ತುಟಿಗಳನ್ನೇ ನೋಡುತ್ತಿದ್ದಳು. ಹಾಗಾದರೆ ಮೂರು ಸಲ ಕೇಳಿದ್ದು ನಿಜವೇ?

ಅವಳಿಗೆ ನೆನಪಿದ್ದದ್ದು ಮುಖದ ಮೇಲಿನ ದುಪಟ್ಟಾ, ಪಕ್ಕದಲ್ಲಿ ಕೂತ ಖಾಲಾ, ಅಮ್ಮನ ತಂಗಿ, ಭುಜ ಅದುಮಿದ್ದು. ಸಮಾಧಾನ ಮಾಡುತ್ತಿದ್ದಾರೆಂದು ಇನ್ನಷ್ಟು ಅತ್ತಿದ್ದಳು. 'ನನ್ನನ್ನ ಯಾರೂ ಕೇಳಲೇ ಇಲ್ಲ' ಎಂದು ಆಮೇಲೆ ಎಷ್ಟು ಹೇಳಿದರೂ ಮನೆಯವರು ನಂಬಿರಲಿಲ್ಲ.

"ಕೈ ಮ್ಯಾಲಿನ ತೊನ್ನು ಕುತ್ತಿಗಿಗೂ ಬಂತಂತ ಬಿಟ್ಟುಹೋದ್ರಿ ಅನ್ಕೊಂಡಿದ್ದೆ..."

"ಅದನ್ನ ನೋಡೇ ಒಪ್ಪಿದಾಂವ ನಾ!"

ಅವಳು ಆಸ್ಪತ್ರೆಯ ಫೈಲು ಚಾಚಿದಳು.

"ಚರ್ಮಕ್ಕ ಬಣ್ಣ ಕೊಡೋ ಕಣ ಕಿವಿ ಒಳಗೂ ಇರ್ತಾವಂತ. ತೊನ್ನಿದ್ದ ಕೆಲವ್ರಿಗೆ ಕಿವಿನೂ ಮಂದ ಆಗ್ತದಂತ. ನನಗೂ ಅದಕ್ಕ ಇರಬಹುದು ಅಂತ ಇವತ್ತ ಅಂದ್ರು ಡಾಕ್ಟರ್. ಇಷ್ಟು ದಿನ ನಾ ತುಟಿ ನೋಡಿ ಮಾತು ತಿಳ್ಕೊಳ್ಳಾಕತ್ತಿದ್ನಂತ... ನನಗ ಗೊತ್ತಿರಲಿಲ್ರಿ! ಪರದೆ ಹಿಂದಿನ ತುಟಿ ಹೆಂಗ ಕಾಣಬೇಕು?"

ಶಾಹಬಾಜ ಫೈಲು ಓದಿ ಮುಚ್ಚಿದ. ಭಾರೀ ಮರ್ಯಾದಸ್ಥ! ಬಲವಂತ ಬೇಡವೆಂದು ಎದ್ದು ಬಂದವನಿಗೆ, ಒಮ್ಮೆ ಅವಳ ಮನೆಗೆ ಹೋಗಿ ಯಾಕೆಂದು ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಎಂಟು ತಿಂಗಳು ಅವಳೊಬ್ಬಳೇ ಊರ ಬಾಯಿಗೆ ಸಿಕ್ಕಿದ್ದಳು.

"ತಪ್ಪಾತು, ಗುಲ್ನಾರ..."

"ಮುಂದ ಪೂರ್ತಿ ಕೇಳಿಸದಿದ್ದರ? ನನ್ನ ಬಿಟ್ಟಬಿಡ್ರಿ."

ಹಿಂದೆ ಕಂಡಕ್ಟರ್ ಸೀಟಿ ಊದಿದ. ಅವಳಿಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು, ಆದರೆ ಹೇಳಲಿಲ್ಲ. ಬಸ್ಸು ಹೋಯಿತು.

ಅವನು ಬೆಳಕಿಗೆ ಮುಖಮಾಡಿ ನಿಂತು, ಒಂದೊಂದೇ ಪದ ಬಿಡಿಸಿ ಕೇಳಿದ.

"ಕಬೂಲ್... ಐತೇನು?"

ಗುಲ್ನಾರ ಉತ್ತರಿಸಲಿಲ್ಲ.

ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು.

"ಇನ್ನೊಮ್ಮೆ ಕೇಳ್ರಿ... ಕಣ್ಣೀರಾಗ ನಿಮ್ಮ ತುಟಿ ಕಾಣಲಿಲ್ಲ."

ಅವನು ಮತ್ತೆ ಕೇಳಿದ. ಈ ಸಲ ಅವನ ತುಟಿಗಳೇ ನಡುಗುತ್ತಿದ್ದವು.

"ಕಬೂಲ್ ರೀ," ಎಂದಳು. "ಅವತ್ತೂ ಕಬೂಲ್ ಇತ್ತು."