ಹದಿನೇಳನೇ ಸಾಲು

ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ನೆಲದಡಿಯ ಕಲ್ಲಿನ ಪದರಗಳಲ್ಲಿ ಎಣ್ಣೆ ಸಿಗಬಹುದೇ ಎಂದು ತಿಳಿಯಲು, ಕಾಂತಶಕ್ತಿ ಅಳೆಯುವ ಯಂತ್ರ ಹೊತ್ತ ಪುಟ್ಟ ವಿಮಾನವನ್ನು ಬಯಲಿನ ಮೇಲೆ ಸಾಲುಸಾಲಾಗಿ ಹಾರಿಸುತ್ತಿದ್ದೆವು. ವಿಮಾನದ ಅಳತೆಯನ್ನು ತಾಳೆ ನೋಡಲು ನೆಲದ ಮೇಲೆ ಅಂಥದೇ ಇನ್ನೊಂದು ಯಂತ್ರ. ಅದರ ಹತ್ತಿರ ಕಬ್ಬಿಣ ಸುಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ಬಿಸಿಲು ತಾಳಲಾರದೆ ಜೀಪನ್ನು ಅದರ ಪಕ್ಕದಲ್ಲೇ ನಿಲ್ಲಿಸಿ, ಒಳಗೆ ನಿದ್ದೆ ಹೋದೆ. ಹದಿನೇಳನೇ ಸಾಲಿನ ಅಳತೆ ಕೆಟ್ಟಿತು.

"ಪೈಲಟ್ ನೆಟ್ಟಗೆ ಹಾರಿಸಿಲ್ಲ ಸರ್," ಎಂದು ಮೇಲಧಿಕಾರಿಗೆ ಹೇಳಿಬಿಟ್ಟೆ.

ಹಿರಿಯರಾದ ಪೈಲಟ್ ಪಕ್ಕದಲ್ಲೇ ನಿಂತಿದ್ದರು. ಜೀಪಿನ ಚಕ್ರದ ಗುರುತು ಅವರ ಕಣ್ಣಿಗೆ ಬಿದ್ದಿತ್ತೋ ಏನೋ. "ಹೋಗ್ಲಿ ಬಿಡಪ್ಪ, ನಾಳೆ ಇನ್ನೊಂದ್ಸಲ ಹಾರಿಸ್ತೀನಿ," ಅಂದರು.

ಮರುದಿನ ಬೆಳಿಗ್ಗೆ ವಿಮಾನ ಹಾರಿಸಿಕೊಂಡು ಹೋದ ಪೈಲಟ್ ಮರಳಿ ಬರಲಿಲ್ಲ. ಎಲ್ಲರೂ ಹುಡುಕಲು ಹೊರಟರು. ನಾನು ಡೇರೆಯಲ್ಲಿ ರೇಡಿಯೋ ಮುಂದೆ ಕೂತೆ. ಮಧ್ಯಾಹ್ನ ಮೂರಕ್ಕೆ ತಲೆಯ ಮೇಲೆ ಎಂಜಿನ್ ಸದ್ದು ಹಾದುಹೋಯಿತು. ಹೊರಗೆ ಓಡಿದರೆ ಆಕಾಶ ಖಾಲಿ. ಬಯಲಿನ ಮೇಲೆ ವಿಮಾನದ ನೆರಳು ಮಾತ್ರ ನೇರವಾಗಿ ಸರಿಯುತ್ತಿತ್ತು. ಅದು ದಾಟಿದ ನೆಲ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು.

ರೇಡಿಯೋದಲ್ಲಿ ಅವರ ದನಿ ಕೇಳಿತು: "ಈಗ ಸರಿ ಬಂತಾ ನೋಡಪ್ಪ."

ತಪ್ಪು ನಂದೇ ಎನ್ನಬೇಕಿತ್ತು. "ಬಂತು ಸರ್," ಅಂದೆ.

ಸಂಜೆ ವಿಮಾನ ಸಿಕ್ಕಿತು, ಪೈಲಟ್ ಬದುಕಿರಲಿಲ್ಲ. ಅವರ ಕೈಗಡಿಯಾರ ಒಡೆದು ಒಂಬತ್ತಕ್ಕೆ ನಿಂತಿತ್ತು; ವಿಮಾನ ಬೆಳಿಗ್ಗೆಯೇ, ಆ ಸಾಲು ಮುಟ್ಟುವ ಮೊದಲೇ ಬಿದ್ದಿತ್ತು. ಆದರೆ ಅದರೊಳಗಿನ, ಅಳತೆ ದಾಖಲಾಗುವ ಪೆಟ್ಟಿಗೆಯಲ್ಲಿ ಹದಿನೇಳನೇ ಸಾಲು ಪೂರ್ತಿ ಇತ್ತು, ಸಮಯ ಮಧ್ಯಾಹ್ನ ಮೂರು ಎಂದಿತ್ತು. ಅಳತೆ ಸರಿಯಿದೆ ಎಂದು ಸಹಿ ಹಾಕಿದವನು ನಾನೇ.